ಮುಗಿಯದ ಶಿಕ್ಷಕರ ದಿನ

ಶಿಕ್ಷಕರ ದಿನಾಚರಣೆಯಲ್ಲಿ ಮಕ್ಕಳೇ ಪಾಠ ಮಾಡುವ ಪದ್ಧತಿ ದೊಡ್ಡಬಳ್ಳಾಪುರದ ಅಂಚಿನ ಆ ಸರ್ಕಾರಿ ಪ್ರೌಢಶಾಲೆಯಲ್ಲೂ ಇತ್ತು. ಸೆಪ್ಟೆಂಬರ್ ಐದರಂದು ಶಿಕ್ಷಕರೆಲ್ಲ ತಾಲ್ಲೂಕು ಮಟ್ಟದ ಸಮಾರಂಭಕ್ಕೆ ಹೋಗುತ್ತಿದ್ದರಿಂದ ಶಾಲೆಯ ಆಚರಣೆ ಮಾರನೆಯ ದಿನ ನಡೆಯುತ್ತಿತ್ತು. ಹುಡುಗಿಯರು ಅಮ್ಮಂದಿರ ಸೀರೆ ಉಟ್ಟು, ಹುಡುಗರು ಅಣ್ಣಂದಿರ ಪ್ಯಾಂಟಿನ ತುದಿ ಮಡಚಿಕೊಂಡು, ಒಂದೊಂದು ಪೀರಿಯಡ್ ಮೇಷ್ಟ್ರಾಗುತ್ತಿದ್ದರು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಮತ್ತೆ ಮಕ್ಕಳಾಗುತ್ತಿದ್ದರು.

ಅಕ್ಷತ ಮಾತ್ರ ಹಾಗೆ ಆಗಲಿಲ್ಲ. ಕಳೆದ ವರ್ಷ, ಒಂಬತ್ತನೇ ತರಗತಿಯಲ್ಲಿದ್ದಾಗ, ಅವಳು ಅಮ್ಮನ ಹಸಿರು ಸೀರೆ ಉಟ್ಟು ತನ್ನದೇ ತರಗತಿಗೆ ಗಣಿತ ಹೇಳಿಕೊಟ್ಟಳು. ಗಣಿತದ ಶಿಕ್ಷಕರು ಆಗಷ್ಟೇ ವರ್ಗವಾಗಿ ಹೋಗಿದ್ದರು. ಮುಖ್ಯ ಶಿಕ್ಷಕ ರಾಮಲಿಂಗಯ್ಯ ವರಾಂಡದಲ್ಲಿ ಹಾದುಹೋಗುವಾಗ ಕಿಟಕಿಯ ಬಳಿ ನಿಂತರು. ಯಾವತ್ತೂ ಬೋರ್ಡಿನ ಹತ್ತಿರ ಸುಳಿಯದಿದ್ದ ಮಂಜೇಶ, ಯಾರೂ ಕರೆಯದೆ ತಾನಾಗಿಯೇ ಎದ್ದು ಹೋಗಿ, ಒಂದು ಲೆಕ್ಕ ಬಿಡಿಸಿ, ಕೈಗೆ ಹತ್ತಿದ್ದ ಸೀಮೆಸುಣ್ಣವನ್ನು ಮುಂದಿನ ಬೆಂಚಿನವನ ತಲೆಗೆ ಒರೆಸಿ ಬಂದು ಕೂತ. ರಾಮಲಿಂಗಯ್ಯನವರು ಇದನ್ನೆಲ್ಲ ನೋಡಿದರು.

"ನಾಳೇನೂ ಒಂದ್ ಪೀರಿಯಡ್ ನೋಡ್ಕೊಳ್ಳಮ್ಮ, ಹೊಸ ಮೇಷ್ಟ್ರು ಬರೋವರ್ಗೂ," ಎಂದರು.

ಹೊಸ ಮೇಷ್ಟ್ರು ಬರಲಿಲ್ಲ. ಅಕ್ಷತ ಸೀರೆ ಬಿಚ್ಚಿಟ್ಟು ಸಮವಸ್ತ್ರದಲ್ಲೇ ಪಾಠ ಮುಂದುವರಿಸಿದಳು. ಒಂಬತ್ತನೇ ತರಗತಿಯ ಗಣಿತದಲ್ಲಿ ಯಾರೂ ಫೇಲಾಗಲಿಲ್ಲ. ಈ ವರ್ಷ ಅದೇ ತರಗತಿ ಹತ್ತಕ್ಕೆ ಬಂದಿತ್ತು. ಅವಳೂ ಅದರ ಜೊತೆ ಬಂದಿದ್ದಳು. ಗಣಿತದ ಪೀರಿಯಡ್ಡಿನ ಗಂಟೆ ಹೊಡೆದರೆ ಎರಡನೇ ಬೆಂಚಿನಿಂದ ಎದ್ದು ಬೋರ್ಡಿನ ಮುಂದೆ ನಿಲ್ಲುವುದು ಅವಳಿಗೂ ಅಭ್ಯಾಸವಾಗಿತ್ತು. ಹುಡುಗರು ಅವಳನ್ನು 'ಮಿಸ್' ಎಂದು ಕರೆಯುತ್ತಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು.

ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಅವಳು ಬೇಸಿಗೆ ರಜೆಯಲ್ಲೇ ಮುಗಿಸಿದ್ದಳು. ಮುಗಿಸಿದ ಮೇಲೆ ಕೈ ಖಾಲಿಯಾಯಿತು. ಆಗ ಅವಳು ಒಂದು ಸಂಗತಿ ಗಮನಿಸಿದಳು. ಒಂದರ ವರ್ಗ, ಎರಡರ ವರ್ಗ ಕೂಡಿದರೆ ಐದು. ಎರಡರ ವರ್ಗ, ಮೂರರ ವರ್ಗ ಕೂಡಿದರೆ ಹದಿಮೂರು. ಒಂದರ ವರ್ಗ, ನಾಲ್ಕರ ವರ್ಗ ಕೂಡಿದರೆ ಹದಿನೇಳು. ಆದರೆ ಏಳು, ಹನ್ನೊಂದು, ಹತ್ತೊಂಬತ್ತನ್ನು ಹೀಗೆ ಎರಡು ವರ್ಗಗಳಾಗಿ ಒಡೆಯಲು ಏನು ಮಾಡಿದರೂ ಬರುವುದಿಲ್ಲ. ಇನ್ನಷ್ಟು ಅವಿಭಾಜ್ಯ ಸಂಖ್ಯೆಗಳನ್ನು ಹಿಡಿದು ನೋಡಿದಳು. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವಂಥವು ಎಲ್ಲವೂ ಒಡೆಯುತ್ತಿದ್ದವು; ಮೂರು ಉಳಿಯುವಂಥವು ಒಂದೂ ಒಡೆಯುತ್ತಿರಲಿಲ್ಲ.

ಮೂರು ಉಳಿಯುವಂಥವು ಯಾಕೆ ಒಡೆಯುವುದಿಲ್ಲ ಎಂಬುದನ್ನು ಅವಳೇ ಕಂಡುಕೊಂಡಳು. ಒಂದು ಉಳಿಯುವಂಥವು ಯಾಕೆ ತಪ್ಪದೆ ಒಡೆಯುತ್ತವೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಅಮ್ಮನ ಫೋನಿನಲ್ಲಿ ಹುಡುಕಿದಾಗ ಇಂಗ್ಲಿಷಿನ ವಿಡಿಯೊ ಒಂದು ಸಿಕ್ಕಿತು. ಸ್ವಲ್ಪ ಹೊತ್ತಿಗೇ ಅದು ಅವಳು ಕಂಡಿರದ ಗುರುತುಗಳಿಗೆ ಹೋಯಿತು. ವಿಡಿಯೊವನ್ನು ನಿಲ್ಲಿಸಬಹುದಿತ್ತು, ಹಿಂದಕ್ಕೆ ಎಳೆಯಬಹುದಿತ್ತು. ಕೈ ಎತ್ತಿ 'ಇದೇನು?' ಎಂದು ಕೇಳುವಂತಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಅಷ್ಟೇ. ಕೈ ಎತ್ತಿದರೆ ಎದುರಿಗೆ ಒಬ್ಬರು ಇರಬೇಕು.

ಆಗಸ್ಟ್ ಕೊನೆಯಲ್ಲಿ ರಾಮಲಿಂಗಯ್ಯ ಅವಳನ್ನು ತಮ್ಮ ಕೊಠಡಿಗೆ ಕರೆಸಿದರು. ಬಹಳ ಖುಷಿಯಲ್ಲಿದ್ದರು.

"ಆರನೇ ತಾರೀಖು ಇಲಾಖೆಯಿಂದ ಗಣಿತ ವಿಷಯ ಪರಿವೀಕ್ಷಕರು ಬರ್ತಿದ್ದಾರಮ್ಮ. ನಿನ್ನ ಪಾಠ ನೋಡೋಕೆ! 'ಪುಟ್ಟ ಶಿಕ್ಷಕಿ' ಅಂತ ಹೆಸರಿಟ್ಟಿದ್ದೀನಿ ನಮ್ಮ ಪ್ರಯೋಗಕ್ಕೆ. ಅವರು ಒಪ್ಪಿದ್ರೆ ಬೇರೆ ಶಾಲೆಗಳಲ್ಲೂ ಶುರು ಮಾಡ್ತಾರೆ. ಸೀರೆ ಉಟ್ಕೊಂಡು ಬಾ."

"ಸಾರ್, ಗಣಿತಕ್ಕೆ ಯಾರಾದ್ರೂ ಬರ್ತಾರಾ ಸಾರ್?"

"ಯಾಕಮ್ಮ? ನೀನಿದ್ದೀಯಲ್ಲ."

"ನಂಗ್ ಯಾರಿದ್ದಾರೆ ಸಾರ್?"

ರಾಮಲಿಂಗಯ್ಯ ನಕ್ಕರು. "ನಿಂಗ್ಯಾಕಮ್ಮ ಮೇಷ್ಟ್ರು? ಹುಷಾರಿರೋ ಮಕ್ಕಳು ಬಂಡೆ ಮೇಲೆ ಬಿತ್ತಿದ್ರೂ ಬೆಳೀತಾರೆ. ದಡ ಸೇರಿಸ್ಬೇಕಾಗಿರೋದು ಉಳಿದೋರನ್ನ. ಈ ಸಲ ನಮಗೆ ಒಬ್ರು ಅತಿಥಿ ಶಿಕ್ಷಕರನ್ನ ಹಾಕ್ಕೊಳ್ಳೋಕೆ ಅವಕಾಶ ಬಂತು. ಗಣಿತಾನೂ ಖಾಲಿ, ಹಿಂದೀನೂ ಖಾಲಿ. ಗಣಿತ ಹೆಂಗೂ ಅಕ್ಷತ ನೋಡ್ಕೋತಾಳೆ ಅಂತ ಹಿಂದಿಗೆ ಶಿಲ್ಪ ಮಿಸ್ಸನ್ನ ತಗೊಂಡೆ. ನೋಡು, ಎಷ್ಟು ನಂಬಿಕೆ ನಿನ್ ಮೇಲೆ!"

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದರು. ಅಕ್ಷತಳಿಗೆ ಆಗ ಹೊಳೆಯಿತು: ಖಾಲಿ ಜಾಗದಲ್ಲಿ ತಾನು ನಿಂತಿದ್ದರಿಂದಲೇ ಆ ಜಾಗ ಖಾಲಿ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೆನ್ನಾಗಿ ಪಾಠ ಮಾಡಿದಷ್ಟೂ ಮೇಷ್ಟ್ರು ದೂರವಾಗಿದ್ದರು.

"ನಾನ್ ಇನ್ಮೇಲೆ ಪಾಠ ಮಾಡಲ್ಲ ಸಾರ್."

"ಏನಂದೆ?"

"ಕಲಿಯೋಕೆ ಬಂದಿದ್ದು ಸಾರ್ ನಾನು."

ರಾಮಲಿಂಗಯ್ಯನವರ ಮುಖ ಗಂಟಾಯಿತು. "ಓದು ಬಂದ್ಮೇಲೆ ಸೊಕ್ಕೂ ಬಂತೇನಮ್ಮ? ಇಡೀ ಕ್ಲಾಸಿನ ರಿಸಲ್ಟು ನಿನ್ ಕೈಲಿದೆ. ಅವರು ಬಂದು ಹೋಗೋವರ್ಗೂ ಸುಮ್ನಿರು. ಆಮೇಲೆ ನೋಡೋಣ."

'ಆಮೇಲೆ' ಎಂಬುದನ್ನು ಅವಳು ಒಂದು ವರ್ಷದಿಂದ ಕೇಳುತ್ತಿದ್ದಳು.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮಂಜೇಶ ಹಿಂದೆಯೇ ಬಂದ. ಕೊಠಡಿಯ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಏನ್ ಮಿಸ್, ಸ್ಟ್ರೈಕಾ?"

"ಮಿಸ್ ಅನ್ಬೇಡ ಕಣೋ."

"ಆಯ್ತು, ಮೇಡಂ. ನೀನ್ ಬಿಟ್ರೆ ನಾನ್ ಔಟು ಕಣೇ. ಫೇಲಾದ್ರೆ ಮಗ್ಗದ ಮುಂದೆ ನಿಲ್ಲಿಸ್ತೀನಿ ಅಂದವ್ನೆ ನಮ್ಮಪ್ಪ. ನಿಂಗೇನು, ನೂರಕ್ಕೆ ನೂರು ಗ್ಯಾರಂಟಿ. ಸ್ವಾರ್ಥಿ ನೀನು."

"ನಿಂಗ್ ಮೇಷ್ಟ್ರು ಬೇಡ್ವೇನೋ?"

"ನೀನೇ ಸಾಕು ನಂಗೆ."

"ನಂಗೆ ನಾನ್ ಸಾಕಾಗಲ್ಲ."

ಮಂಜೇಶನಿಗೆ ಇದು ಅರ್ಥವಾಗಲಿಲ್ಲ. ಕಲ್ಲೊಂದನ್ನು ಒದ್ದು ಬೇರೆ ದಾರಿ ಹಿಡಿದ. ಅವನು 'ಸ್ವಾರ್ಥಿ' ಎಂದದ್ದು ಸುಳ್ಳೇನಲ್ಲ ಎಂದು ಅಕ್ಷತಳಿಗೆ ಅನ್ನಿಸಿತು. ಆದರೆ ಅವಳು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳ ತಾಯಿ ಆದಿಲಕ್ಷ್ಮಮ್ಮ ಬೇರೊಬ್ಬರ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದರು. ಮಗ್ಗಗಳು ಓಡುವಾಗ ಅಲ್ಲಿ ಮಾತು ಸಾಗುವುದಿಲ್ಲ; ಏನಿದ್ದರೂ ಕೈಸನ್ನೆ. ಮಾತೆಲ್ಲ ಕರೆಂಟು ಹೋದಾಗ. ಅಕ್ಷತ ಹೊಸಿಲ ಬಳಿ ಕಾದಳು. ಕರೆಂಟು ಹೋಯಿತು. ಸದ್ದು ಕಡಿದುಬಿದ್ದ ಹಾಗೆ ನಿಂತಿತು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಮೇಷ್ಟ್ರ ಎದುರು ಹಂಗೆಲ್ಲ ಮಾತಾಡ್ಬಾರ್ದು ಕಣವ್ವ," ಎಂದರು ಆದಿಲಕ್ಷ್ಮಮ್ಮ. "ಪಾಠ ಹೇಳ್ಕೊಟ್ರೆ ನಿನ್ ಗಂಟೇನ್ ಹೋಗುತ್ತೆ? ವಿದ್ಯೆ ಅಲ್ವಾ, ಕೊಟ್ಟಷ್ಟೂ ಜಾಸ್ತಿ ಆಗುತ್ತೆ ಅಂತಾರೆ."

"ನಂಗ್ ಗೊತ್ತಿರೋದನ್ನೇ ಕೊಟ್ಕೊಂಡು ಕೂತಿದ್ದೀನಿ ಅಮ್ಮ. ನನ್ನಿಂದಾನೇ ಗಣಿತದ ಮೇಷ್ಟ್ರು ಬಂದಿಲ್ಲ. ಒಂದಿನ ಅಂತ ನಿಲ್ಲಿಸಿದ್ರು. ನಾನು ನಿಂತೇಬಿಟ್ಟೆ."

ಆದಿಲಕ್ಷ್ಮಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಪಕ್ಕದ ಮಗ್ಗದ ಕಡೆ ನೋಡಿದರು. ಅದನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

"ಇದು ಗಂಗಮ್ಮನ ಮಗ್ಗ," ಎಂದರು. "ಅವಳಿಗೆ ಜ್ವರ ಬಂದಿತ್ತು. 'ಇವತ್ತೊಂದಿನ ಅದನ್ನೂ ನೋಡ್ಕೊ ಆದಿಲಕ್ಷ್ಮಮ್ಮ' ಅಂದ್ರು ಸಾಹುಕಾರ್ರು. ನೋಡ್ಕೊಂಡೆ. ಎರಡು ಸೀರೇಲೂ ಒಂದು ಎಳೆ ತಪ್ಪಿರ್ಲಿಲ್ಲ. ಜ್ವರ ಬಿಟ್ಟು ಅವಳು ಬಂದ್ರೆ, 'ಬೇಡ ಹೋಗಮ್ಮ' ಅಂದ್ಬಿಟ್ರು."

"ನೀನೇನಂದೆ?"

"ಏನಂತೀನಿ? ಓಡಿಸ್ದೆ. ಇವತ್ತಿಗೂ ಓಡಿಸ್ತಿದ್ದೀನಿ. ಗಂಗಮ್ಮ ಎದುರಿಗೆ ಸಿಕ್ರೆ ಈಗ್ಲೂ ಮುಖ ತಿರುಗಿಸ್ತಾಳೆ."

ಕರೆಂಟು ಬಂತು. ಮಗ್ಗಗಳು ಒಮ್ಮೆಲೇ ಬಡಿಯತೊಡಗಿದವು. ಆದಿಲಕ್ಷ್ಮಮ್ಮ ಮಗಳ ಕಿವಿಯ ಹತ್ತಿರ ಬಾಗಿ ಕೂಗಿದರು: "ನೀನು ನಿಂದೊಂದು ಮಗ್ಗ ನೋಡ್ಕೊ! ಹೋಗು!"

ಆ ಸಲ ಆರನೇ ತಾರೀಖು ಶನಿವಾರ ಬಂದಿತ್ತು. ಅಲ್ಲಿಯವರೆಗೆ ಅಕ್ಷತ ಎಂದಿನಂತೆ ಪಾಠ ಮಾಡಿದಳು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಹಿಂದಿಯ ಶಿಲ್ಪ ಮಿಸ್ ಅಕ್ಷತಳ ಸೀರೆಯ ನೆರಿಗೆ ಹಿಡಿದು ಪಿನ್ನು ಹಾಕಿದರು.

"ನೀನು ಪಾಠ ಮಾಡಲ್ಲ ಅಂದ್ಯಂತೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. "ಗಣಿತಕ್ಕೆ ಬೇರೆಯವ್ರನ್ನ ತಗೋಬೇಕಾದ್ರೆ ಮೊದ್ಲು ನನ್ನ ಮನೆಗೆ ಕಳಿಸ್ತಾರೆ ಕಣೇ." ನಕ್ಕರು, ನಗು ಪೂರ್ತಿ ಬರಲಿಲ್ಲ.

"ನಿಮ್ಮನ್ನ ಕಳಿಸಿ ಅಂತ ನಾನ್ ಕೇಳಲ್ಲ ಮಿಸ್."

"ಗೊತ್ತು. ಆದ್ರೂ ಹೇಳ್ದೆ. ಕೈ ಎತ್ತು, ಸೆರಗು ಸರಿ ಮಾಡ್ತೀನಿ."

ಪರಿವೀಕ್ಷಕಿ ಅನುಸೂಯಮ್ಮ ಐವತ್ತು ದಾಟಿದ ಹೆಂಗಸು. ಕೊನೆಯ ಬೆಂಚಿನ ಪಕ್ಕ ಹಾಕಿದ್ದ ಕುರ್ಚಿಯಲ್ಲಿ ಕೂತರು. ರಾಮಲಿಂಗಯ್ಯ ಬೋರ್ಡಿನ ಮುಂದೆ ನಿಂತು ತಮ್ಮ ಪ್ರಯೋಗದ ಬಗ್ಗೆ ಮಾತಾಡಿದರು. ಮಕ್ಕಳಿಂದ ಮಕ್ಕಳಿಗೆ, ಮಕ್ಕಳ ಭಾಷೆಯಲ್ಲೇ ಕಲಿಕೆ, ಒಬ್ಬರೂ ಫೇಲಿಲ್ಲ ಎಂದರು. ಎಲ್ಲವೂ ನಿಜವೇ ಆಗಿತ್ತು. ನಂತರ ಸೀಮೆಸುಣ್ಣವನ್ನು ಅಕ್ಷತಳ ಕೈಗೆ ಕೊಟ್ಟರು. ಅಂದಿನ ಪಾಠ ಸಮಾಂತರ ಶ್ರೇಢಿ ಎಂದು ಮೊದಲೇ ನಿಗದಿಯಾಗಿತ್ತು.

ಅಕ್ಷತ ಬೋರ್ಡಿನ ಎಡಕ್ಕೆ 5, 13, 17, 29 ಎಂದು ಬರೆದಳು. ಬಲಕ್ಕೆ 7, 11, 19, 23 ಎಂದು ಬರೆದಳು.

"ಎಡಗಡೆ ಇರೋವನ್ನ ಎರಡು ವರ್ಗಗಳಾಗಿ ಒಡೀಬಹುದು. ಇಪ್ಪತ್ತೊಂಬತ್ತು?"

ತರಗತಿ ಒಂದು ಕ್ಷಣ ಲೆಕ್ಕ ಹಾಕಿತು. "ನಾಲ್ಕು, ಇಪ್ಪತ್ತೈದು!"

"ಮೂವತ್ತೇಳು?"

"ಒಂದು, ಮೂವತ್ತಾರು!" ಎಂದ ಮಂಜೇಶ. ಮುನಿಸಿಕೊಂಡಿದ್ದೇನೆಂಬುದನ್ನು ಮರೆತಿದ್ದ.

"ಬಲಗಡೆಯ ಇಪ್ಪತ್ಮೂರು?"

ಯಾರಿಗೂ ಬರಲಿಲ್ಲ. ಬರುವುದಿಲ್ಲ ಎಂದು ಅವಳು ಹೇಳಿದಳು. ಯಾಕೆ ಎಂದೂ ಹೇಳಿದಳು. "ಯಾವ ವರ್ಗಾನ ನಾಲ್ಕರಿಂದ ಭಾಗಿಸಿದ್ರೂ ಉಳಿಯೋದು ಸೊನ್ನೆ, ಇಲ್ಲ ಒಂದು. ಅಂಥ ಎರಡನ್ನ ಕೂಡಿಸಿದ್ರೆ ಸೊನ್ನೆ, ಒಂದು, ಇಲ್ಲ ಎರಡು ಉಳಿಯುತ್ತೆ. ಮೂರು ಹೆಂಗ್ ಉಳಿಯುತ್ತೆ? ಇಪ್ಪತ್ಮೂರರಲ್ಲಿ ಮೂರು ಉಳಿಯುತ್ತೆ. ಅದಕ್ಕೇ ಒಡೆಯಲ್ಲ."

ಅನುಸೂಯಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ರಾಮಲಿಂಗಯ್ಯ ಪಾಠ ಬದಲಾದುದಕ್ಕೆ ಹುಬ್ಬು ಗಂಟಿಕ್ಕಿದರೂ, ಪರಿವೀಕ್ಷಕಿಯ ಮುಖ ನೋಡಿ ಸಡಿಲಿಸಿದರು.

"ಆದ್ರೆ ಎಡಗಡೆಯವು ಯಾಕೆ ಎಲ್ಲಾ ಒಡೀತವೆ?" ಅಕ್ಷತ ಬೋರ್ಡಿಗೆ ಬೆನ್ನು ಮಾಡಿ ನಿಂತಳು. "ಇಲ್ಲೀವರ್ಗೂ ನಂಗ್ ಗೊತ್ತು. ಮುಂದಕ್ಕೆ ಗೊತ್ತಿಲ್ಲ. ಗೊತ್ತಿರೋರು ಹೇಳ್ಕೊಡಿ."

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದು, ಎರಡನೇ ಬೆಂಚಿನಲ್ಲಿ ತನ್ನ ಜಾಗದಲ್ಲಿ ಕೂತು, ಕೈಕಟ್ಟಿದಳು.

"ಲೇ, ಮಿಸ್ಸೇ ಬಂಕು!" ಎಂದು ಮಂಜೇಶ ಪಿಸುಗುಟ್ಟಿದ. ಎರಡು ಬೆಂಚು ಕಿಸಕ್ಕೆಂದಿತು. ಮತ್ತೆ ಯಾರೂ ನಗಲಿಲ್ಲ.

"ಏಯ್, ಎದ್ದೇಳಮ್ಮ! ತಮಾಷೆ ಮಾಡ್ತಿದ್ದೀಯಾ?" ರಾಮಲಿಂಗಯ್ಯನವರ ದನಿ ಒಡೆಯಿತು.

ಅಕ್ಷತ ಕೂತ ಜಾಗದಲ್ಲೇ ಎದ್ದು ನಿಂತಳು. "ತಮಾಷೆ ಅಲ್ಲ ಸಾರ್. ಹೋದ್ ವರ್ಷದ ಶಿಕ್ಷಕರ ದಿನ ಇವತ್ತಿಗೆ ಮುಗೀತು." ಮತ್ತೆ ಕೂತಳು.

ಮೇಜಿನ ಮೇಲಿನ ಸೀಮೆಸುಣ್ಣ ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಈ ಶಾಲೇಲಿ ಗಣಿತ ಯಾರು ತಗೋತಾರೆ ರಾಮಲಿಂಗಯ್ಯನವರೇ?" ಅನುಸೂಯಮ್ಮ ಕೂತಲ್ಲಿಂದಲೇ ಕೇಳಿದರು.

"ಅದೇ ಮೇಡಂ, ಪುಟ್ಟ ಶಿಕ್ಷಕಿ..."

"ಪುಟ್ಟ ಶಿಕ್ಷಕಿ ಸರಿ. ದೊಡ್ಡ ಶಿಕ್ಷಕರು ಯಾರು?"

"ಖಾಲಿ ಇದೆ ಮೇಡಂ. ಆದ್ರೂ ನಡೀತಿತ್ತಲ್ಲ ಅಂತ..."

"ನಿಮ್ಮ ಡಿಗ್ರಿ ಯಾವುದ್ರಲ್ಲಿ?"

ರಾಮಲಿಂಗಯ್ಯ ಬೋರ್ಡಿನ ಕಡೆ ನೋಡಿದರು. "ಬಿ.ಎಸ್ಸಿ. ಪಿಸಿಎಂ," ಎಂದರು. ಬೋರ್ಡಿನ ಮುಂದೆ ನಿಂತು ಗಣಿತ ಹೇಳಿ ಅವರಿಗೆ ಬಹಳ ವರ್ಷಗಳಾಗಿದ್ದವು. ಬಿಸಿಯೂಟ, ಸೈಕಲ್ಲು, ಸಮವಸ್ತ್ರ, ಸಭೆಗಳಲ್ಲೇ ದಿನ ಮುಗಿಯುತ್ತಿತ್ತು. ಇದೂ ನಿಜವೇ ಆಗಿತ್ತು.

ಅನುಸೂಯಮ್ಮ ಎದ್ದು ಬಂದು ಅಕ್ಷತಳ ಬೆಂಚಿನ ಬಳಿ ನಿಂತರು. "ನಾನು ಇವತ್ತು ಬಂದಿದ್ದು ನಿನ್ನ ಬೆನ್ನು ತಟ್ಟಿ ಹೋಗೋಕೆ. ಎಲ್ಲರ ಮುಂದೆ ಹೆಡ್‌ಮಾಸ್ಟರಿಗೆ ಹೀಗೆ ಮುಜುಗರ ಮಾಡಿದ್ದು ಸರಿಯೇನಮ್ಮ? ಒಳಗೆ ಹೋಗಿ ಕೇಳಬಹುದಿತ್ತು."

"ಒಳಗೂ ಕೇಳಿದ್ದೆ ಮೇಡಂ."

ಅನುಸೂಯಮ್ಮ ಮೇಜಿನ ಬಳಿಗೆ ನಡೆದರು. ಬಾಗಿ ಸೀಮೆಸುಣ್ಣ ಎತ್ತಿಕೊಂಡರು.

"ಇದರ ಪೂರ್ತಿ ಸಾಧನೆ ಎಂ.ಎಸ್ಸಿ.ಯಲ್ಲಿ ಓದಿದ್ದೆ. ಈಗ ನೆನಪಿಲ್ಲ, ಸುಳ್ಳು ಹೇಳಲ್ಲ. ಓದ್ಕೊಂಡು ಬರ್ತೀನಿ. ಆದ್ರೆ ಮೊದಲ ಮೆಟ್ಟಿಲು ಗೊತ್ತು. ಹದಿಮೂರು ತಗೊ. ಐದರ ವರ್ಗಕ್ಕೆ ಒಂದು ಸೇರಿಸಿದ್ರೆ ಇಪ್ಪತ್ತಾರು. ಹದಿಮೂರರಿಂದ ಭಾಗ ಹೋಗುತ್ತೆ. ಹದಿನೇಳಕ್ಕೆ ನಾಲ್ಕು: ನಾಲ್ಕರ ವರ್ಗಕ್ಕೆ ಒಂದು ಸೇರಿಸಿದ್ರೆ ಹದಿನೇಳೇ. ಇಪ್ಪತ್ತೊಂಬತ್ತಕ್ಕೆ ಅಂಥದ್ದೊಂದು ಸಂಖ್ಯೆ ಹುಡುಕು. ಬಲಗಡೆಯವಕ್ಕೆ ಸಿಗುತ್ತಾ ಅದನ್ನೂ ನೋಡು. ಇದು ನಿನ್ನ ಹೋಂವರ್ಕು."

ಒಂದು ವರ್ಷದಲ್ಲಿ ಅಕ್ಷತಳಿಗೆ ಯಾರಾದರೂ ಕೊಟ್ಟ ಮೊದಲ ಗಣಿತದ ಹೋಂವರ್ಕು ಅದು. ಅಷ್ಟು ದಿನ ಅವಳೇ ಎಲ್ಲರಿಗೂ ಕೊಡುತ್ತಿದ್ದಳು. ಬರೆದುಕೊಳ್ಳಲು ಪೆನ್ನಿಗೆ ತಡಕಿದಳು; ಸೀರೆಯ ದಿನವಾದ್ದರಿಂದ ತಂದಿರಲಿಲ್ಲ. ಮಂಜೇಶ ಹಿಂದಿನಿಂದ ತನ್ನ ಪೆನ್ನು ಚಾಚಿದ. ಚಾಚಿದ ಮೇಲೆ, ತಾನು ಹಾಗೆ ಮಾಡಿದ್ದಕ್ಕೇ ಸಿಟ್ಟು ಬಂದವನಂತೆ ಕಿಟಕಿಯ ಕಡೆ ತಿರುಗಿದ.

ಇಪ್ಪತ್ತೊಂಬತ್ತಕ್ಕೆ ಸಿಕ್ಕಿದ್ದು ಹನ್ನೆರಡು. ಹನ್ನೆರಡರ ವರ್ಗಕ್ಕೆ ಒಂದು ಸೇರಿಸಿದರೆ ನೂರ ನಲವತ್ತೈದು. ಅದು ಇಪ್ಪತ್ತೊಂಬತ್ತರ ಐದರಷ್ಟು. ಬಲಗಡೆಯವಕ್ಕೆ ಒಂದಕ್ಕೂ ಸಿಗಲಿಲ್ಲ. ಭಾನುವಾರ ಸಂಜೆಯೊಳಗೆ ಅಕ್ಷತಳ ಬಳಿ ಹೊಸದಾಗಿ ಕೇಳಲು ಮೂರು ಪ್ರಶ್ನೆಗಳಿದ್ದವು.

ಸೋಮವಾರ ಗಣಿತದ ಪೀರಿಯಡ್ಡಿನ ಗಂಟೆ ಹೊಡೆಯಿತು. ಎಲ್ಲರೂ ಎರಡನೇ ಬೆಂಚಿನ ಕಡೆ ನೋಡಿದರು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಗಲಾಟೆ ಶುರುವಾಯಿತು. ರಾಮಲಿಂಗಯ್ಯ ಬಾಗಿಲಿಗೆ ಬಂದರು.

"ಆಗಿದ್ದು ಆಯ್ತು. ಶುರು ಮಾಡಮ್ಮ."

ಅಕ್ಷತ ನಿಂತಳು. "ಇಲ್ಲ ಸಾರ್."

"ಗಣಿತಕ್ಕೆ ಇನ್ನೊಬ್ರು ಅತಿಥಿ ಶಿಕ್ಷಕರನ್ನ ಕೇಳಿದ್ದೀವಿ, ಬರೋಕೆ ತಿಂಗಳಾದ್ರೂ ಬೇಕು. ಅಲ್ಲೀವರ್ಗೂ?"

"ಗೊತ್ತಿಲ್ಲ ಸಾರ್."

"ಟಿ.ಸಿ. ಬರೆದು ಕೈಗೆ ಕೊಡ್ತೀನಿ ನೋಡು!"

"ಕೊಡಿ ಸಾರ್. ನಾನ್ ಹೋದ್ಮೇಲೂ ಇವ್ರಿಗೆ ಮೇಷ್ಟ್ರು ಬೇಕೇ ಬೇಕಲ್ಲ."

ಅವರು ಹೊರಟುಹೋದರು. ಆ ಪೀರಿಯಡ್ ಹಾಳಾಯಿತು. ಮಂಗಳವಾರದ್ದೂ ಹಾಳಾಯಿತು. ಮುಂದಿನ ಬೆಂಚಿನ ಹುಡುಗಿಯರು ಅಕ್ಷತಳ ಪಕ್ಕ ಊಟಕ್ಕೆ ಕೂರಲಿಲ್ಲ. ಮಂಜೇಶ ಲೆಕ್ಕ ಹಿಡಿದು ಬಂದು ಬೆಂಚಿನ ಮೇಲೆ ಕುಕ್ಕಿದಾಗ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. "ಬೋರ್ಡ್ ಮೇಲೆ ಹೇಳಿದ್ರೆ ಎಲ್ಲರಿಗೂ ಆಗ್ತಿತ್ತಲ್ಲೇ," ಎಂದ. "ಗೆಳೆಯಂಗೆ ಹೇಳ್ಕೊಡ್ತೀನಿ. ಕ್ಲಾಸಿಗಲ್ಲ," ಎಂದಳು.

ಬುಧವಾರ ಗಂಟೆ ಹೊಡೆದ ಮೇಲೆ ರಾಮಲಿಂಗಯ್ಯ ಒಳಗೆ ಬಂದರು. ಕೈಯಲ್ಲಿ ಹತ್ತನೇ ತರಗತಿಯ ಗಣಿತ ಪುಸ್ತಕವಿತ್ತು; ನಡುವೆ ಗುರುತಿಗೆ ಬಸ್ ಟಿಕೆಟ್ ಸಿಕ್ಕಿಸಿದ್ದರು. ಯಾರ ಮುಖವನ್ನೂ ನೋಡದೆ ಕನ್ನಡಕ ಹಾಕಿಕೊಂಡು, ಬೋರ್ಡಿನ ಕಡೆ ತಿರುಗಿ, ಸಮಾಂತರ ಶ್ರೇಢಿಯ ಮೊತ್ತ ಎಂದು ಬರೆದರು. ಅಕ್ಷರ ದುಂಡಗಿತ್ತು. ಮೊದಲು ದನಿ ತಡವರಿಸಿತು, ಆಮೇಲೆ ಹಳೆಯ ಲಯಕ್ಕೆ ಬಂತು. ಒಂದರಿಂದ ಇಪ್ಪತ್ತರವರೆಗಿನ ಸಂಖ್ಯೆಗಳನ್ನು ಕೂಡುವ ಲೆಕ್ಕ ಮಾಡಿ, ಮೊದಲನೆಯದಕ್ಕೆ ಕೊನೆಯದನ್ನು ಸೇರಿಸಿ, ಇಪ್ಪತ್ತರಿಂದ ಗುಣಿಸಿ, ಉತ್ತರ 420 ಎಂದು ಬರೆದು ಕೆಳಗೆ ಗೆರೆ ಎಳೆದರು.

ತರಗತಿ ಬರೆದುಕೊಂಡಿತು.

ಎರಡನೇ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ರಾಮಲಿಂಗಯ್ಯ ಆ ಕೈಯನ್ನು ನೋಡಿದರು. ನೋಡಿಯೂ ಪುಸ್ತಕದ ಹಾಳೆ ತಿರುಗಿಸಿದರು. ಕೈ ಕೆಳಗಿಳಿಯಲಿಲ್ಲ.

"ಏನಮ್ಮ?"

"ಎರಡರಿಂದ ಭಾಗಿಸ್ಲಿಲ್ಲ ಸಾರ್. ಇನ್ನೂರ ಹತ್ತು ಬರ್ಬೇಕು."

ಅವರು ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದರು. ಕಿವಿ ಕೆಂಪಗಾಯಿತು. ಸೀಮೆಸುಣ್ಣ ಹಿಡಿದ ಕೈಯನ್ನು ಅವಳ ಕಡೆ ಚಾಚಿದರು. "ಬಾ. ನೀನೇ ಬಂದು ತೋರ್ಸು."

ಇಡೀ ತರಗತಿ ಆ ಸೀಮೆಸುಣ್ಣವನ್ನೇ ನೋಡುತ್ತಿತ್ತು.

"ನೀವೇ ಬರೀರಿ ಸಾರ್," ಎಂದಳು ಅಕ್ಷತ. "ನಾನ್ ನೋಟ್ಸ್ ಮಾಡ್ಕೋತಿದ್ದೀನಿ."